ಮುಂಬೈಯಿಂದ ರಣ್, ಥಾರ್, ಅರಾವಳಿಗೆ ಕಾರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆಯುತ್ತಿದ್ದಂತೆ ಮುಂಬೈ, ಠಾಣೆ, ಡೊಂಬಿವಲಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಡಿಸೆಂಬರ್ ರಜೆಯ ಲೆಕ್ಕಾಚಾರ ಶುರುವಾಗುತ್ತದೆ. ಊರಿನ ದಾರಿ ಎಲ್ಲರಿಗೂ ಬಾಯಿಪಾಠವಾಗಿದೆ. ಈ ಸಲ ಉತ್ತರದ ದಾರಿ ಹಿಡಿಯೋಣವೆನ್ನುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಲಾಗಿದೆ. ಕಚ್ಛಿನ ರಣ್, ಥಾರ್ ಮರುಭೂಮಿ, ಅರಾವಳಿ ಬೆಟ್ಟಸಾಲು, ಈ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರಬಹುದಾದ ದಾರಿಯಿದು. ನೋಡತಕ್ಕದ್ದು ಬಹಳಷ್ಟಿದ್ದರೂ ದಾರಿಯುದ್ದಕ್ಕೂ ಮತ್ತೆ ಮತ್ತೆ ಎದುರಾಗುವುದು ನೀರಿನ ಮಾತು. ಮಳೆ ಅಪರೂಪವಾದ ನೆಲದಲ್ಲಿ ಐದು ಸಾವಿರ ವರ್ಷಗಳಿಂದ ಜನರು ನೀರನ್ನು ಹೇಗೆ ಹಿಡಿದಿಟ್ಟರು ಎಂಬುದನ್ನು ಗಮನಿಸುತ್ತ ಹೋದರೆ ಹಾಳು ಪಟ್ಟಣವೂ ಕೋಟೆಯೂ ಗುಡಿಯೂ ಒಂದಕ್ಕೊಂದು ತಾಳೆಯಾಗುತ್ತವೆ. ಕೆಳಗಿನ ಉತ್ತರಗಳು ಆ ದೃಷ್ಟಿಯಿಂದಲೇ ಬರೆದವು.

ದಾರಿ ಯಾವುದು, ಎಷ್ಟು ದಿನ ಬೇಕು?

ಮುಂಬೈಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ವಾಪಿ, ಸೂರತ್, ಭರೂಚ್, ವಡೋದರಾ ಮಾರ್ಗವಾಗಿ ಅಹಮದಾಬಾದ್ ಸೇರಬೇಕು; ಇದು ಸುಮಾರು 530 ಕಿ.ಮೀ. ಅಲ್ಲಿಂದ ಲೋಥಲ್ ನೋಡಿಕೊಂಡು ಮೊಢೇರಾ, ಪಾಟಣ್ ಮೂಲಕ ಭುಜ್‌ಗೆ, ಭುಜ್‌ನಿಂದ ಬಿಳಿ ರಣ್ ನೋಡುವ ಜಾಗವಾದ ಧೋರ್ಡೋ ಮತ್ತು ಖಾವ್ಡಾ ದಾಟಿ ಧೋಲಾವೀರಕ್ಕೆ ಹೋಗಬೇಕು. ಧೋಲಾವೀರದಿಂದ ರಾಪರ್, ಸಾಂತಲಪುರ, ಸಾಂಚೋರ್ ಹಾದು ಬಾಡಮೇರ್, ಅಲ್ಲಿಂದ ಜೈಸಲ್ಮೇರ್. ಮರಳುವಾಗ ಜೋಧಪುರ, ರಾಣಕಪುರ, ಮೌಂಟ್ ಅಬು, ಮತ್ತೆ ಅಹಮದಾಬಾದ್. ಅಕ್ಕಪಕ್ಕದ ಓಡಾಟವೂ ಸೇರಿ 3500 ಕಿ.ಮೀ. ಆಸುಪಾಸಿನ ಪ್ರಯಾಣವಿದು.

ಹದಿನಾಲ್ಕು ದಿನಗಳಿದ್ದರೆ ನೆಮ್ಮದಿಯಿಂದ ಮಾಡಬಹುದು. ಹತ್ತೇ ದಿನ ರಜೆ ಸಿಕ್ಕಿದೆಯೆಂದರೆ ಜೈಸಲ್ಮೇರ್, ಜೋಧಪುರಗಳನ್ನು ಮುಂದಿನ ವರ್ಷಕ್ಕೆ ಬಿಟ್ಟು ಕಚ್ಛ್ ಮತ್ತು ಅಬುವನ್ನಷ್ಟೇ ನೋಡುವುದು ಒಳ್ಳೆಯದು. ಎಂಟು ದಿನದಲ್ಲಿ ಎಲ್ಲವನ್ನೂ ಮುಗಿಸಿ ಬಂದವರೂ ಇದ್ದಾರೆ. ಏನು ನೋಡಿದಿರೆಂದು ಕೇಳಿದರೆ ಟೋಲ್ ನಾಕಾಗಳ ಹೆಸರು ಹೇಳುತ್ತಾರೆ.

ಮುಂಬೈಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಬೆಳಗಿನ ಐದರೊಳಗೆ ದಹಿಸರ್ ದಾಟಿರಬೇಕು. ಪುಣೆಯಿಂದಲೋ ನವಿ ಮುಂಬೈಯಿಂದಲೋ ಬರುವವರಿಗೆ ಘೋಡಬಂದರ್ ರಸ್ತೆಯೇ ಮೊದಲ ಪರೀಕ್ಷೆ. ಅಲ್ಲಿ ಒಮ್ಮೆ ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ಆ ದಿನದ ಯೋಜನೆಯೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದ ಪುಣೆಯವರು ಹಿಂದಿನ ರಾತ್ರಿಯೇ ಠಾಣೆಯಲ್ಲೋ ವಸಯಿಯಲ್ಲೋ ನೆಂಟರ ಮನೆಗೆ ಬಂದು ತಂಗುವುದು ಮೇಲು.

ಯಾವ ತಿಂಗಳು ಸರಿ?

ನವೆಂಬರ್ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ. ಇದಕ್ಕೆ ಚಳಿಯೊಂದೇ ಕಾರಣವಲ್ಲ. ಕಚ್ಛಿನ ದೊಡ್ಡ ರಣ್ ಒಂದು ಕಾಲಕ್ಕೆ ಸಮುದ್ರದ ತೋಳಾಗಿದ್ದ ತಗ್ಗು ನೆಲ. ಮಳೆಗಾಲದಲ್ಲಿ ಒಂದು ಕಡೆಯಿಂದ ಸಮುದ್ರದ ನೀರೂ ಇನ್ನೊಂದು ಕಡೆಯಿಂದ ನದಿಗಳ ನೀರೂ ನುಗ್ಗಿ ಅದು ಮೊಣಕಾಲುದ್ದದ ಸರೋವರವಾಗುತ್ತದೆ. ಆ ನೀರು ಮೆಲ್ಲಮೆಲ್ಲಗೆ ಆವಿಯಾಗಿ ಉಪ್ಪು ಹೆಪ್ಪುಗಟ್ಟಲು ಡಿಸೆಂಬರ್ ಬರಬೇಕು. ಅಕ್ಟೋಬರಿನಲ್ಲಿ ಹೋದವರು ಬಿಳಿ ರಣ್ ಇರಬೇಕಾದಲ್ಲಿ ಕೆಸರು ನೋಡಿ ಬೇಸರದಿಂದ ಮರಳುತ್ತಾರೆ. ಮಾರ್ಚ್ ನಂತರ ಬಿಸಿಲು ಏರತೊಡಗುತ್ತದೆ. ಮೇ ತಿಂಗಳಿನ ಥಾರ್ ಮಕ್ಕಳಿಗೂ ವಯಸ್ಸಾದವರಿಗೂ ತಕ್ಕದ್ದಲ್ಲ.

ಚಳಿಯ ವಿಷಯದಲ್ಲಿ ಮುಂಬೈಯವರು ಮೋಸ ಹೋಗುವುದು ಹೆಚ್ಚು. ಜನವರಿಯ ಮಧ್ಯಾಹ್ನ ಜೈಸಲ್ಮೇರಿನಲ್ಲಿ ಅರ್ಧ ತೋಳಿನ ಅಂಗಿ ಸಾಕಾದರೂ ರಾತ್ರಿ ತಾಪಮಾನ 5 ಡಿಗ್ರಿಗೆ ಇಳಿಯುವುದುಂಟು. ಮೌಂಟ್ ಅಬುವಿನಲ್ಲಿ ಕೆಲವು ರಾತ್ರಿ ಸೊನ್ನೆಯನ್ನೂ ಮುಟ್ಟುತ್ತದೆ. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಧೋರ್ಡೋ ತಲುಪುವಂತೆ ಎಲ್ಲರೂ ಯೋಜಿಸುವುದರಿಂದ ಆ ದಿನಗಳ ವಸತಿಗೆ ತಿಂಗಳುಗಳ ಮೊದಲೇ ಮುಂಗಡ ಕೊಟ್ಟಿರಬೇಕು.

ದೊಡ್ಡ ಎಸ್‌ಯುವಿಯೇ ಬೇಕೇ?

ಬೇಡ. ಈ ದಾರಿಯ ರಸ್ತೆಗಳೆಲ್ಲ ಡಾಂಬರು ಅಥವಾ ಕಾಂಕ್ರೀಟಿನವು. ಸಾಧಾರಣ ಹ್ಯಾಚ್‌ಬ್ಯಾಕ್ ಕೂಡ ಸಾಕು. ಹೊರಡುವ ಮುನ್ನ ಟೈರ್, ಬ್ರೇಕ್, ಕೂಲಂಟ್, ಬ್ಯಾಟರಿ ನೋಡಿಸಿ, ಸ್ಟೆಪ್ನಿಯಲ್ಲಿ ಗಾಳಿಯಿದೆಯೇ ಎಂಬುದನ್ನು ಸ್ವತಃ ಪರೀಕ್ಷಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಬೇಕು. ಮಧ್ಯಾಹ್ನ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿತೆಂದು ಗಾಳಿ ಬಿಟ್ಟರೆ ತಣ್ಣಗಾದಾಗ ಅದು ಬೇಕಾದ್ದಕ್ಕಿಂತ ಕಡಿಮೆಯಾಗಿರುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ರಣ್‌ನಲ್ಲಿ ರಸ್ತೆ ಬಿಟ್ಟು ಚಕ್ರ ಇಳಿಸಬಾರದು. ಮೇಲೆ ಕಲ್ಲಿನಂತೆ ಕಾಣುವ ಉಪ್ಪಿನ ಪದರ ಬೆರಳಿನಷ್ಟೇ ದಪ್ಪವಿದ್ದು ಕೆಳಗೆ ಕಪ್ಪು ಕೆಸರಿರುತ್ತದೆ. ಅಲ್ಲಿ ಹೂತ ಕಾರನ್ನು ಎಳೆಯಲು ಬರುವ ಟ್ರ್ಯಾಕ್ಟರೂ ಹೂತುಹೋಗಬಹುದು. ಕಚ್ಛ್ ಬಿಟ್ಟ ಕೂಡಲೇ ಗಾಡಿಯ ತಳಭಾಗವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಸಿಬಿಡಿ. ಕರಾವಳಿಯವರಿಗೆ ಉಪ್ಪು ಮತ್ತು ಕಬ್ಬಿಣದ ಸಂಬಂಧವನ್ನು ವಿವರಿಸಬೇಕಾಗಿಲ್ಲ.

ಇಂಧನ, ಪರವಾನಗಿ, ಪೊಲೀಸ್ ತಪಾಸಣೆ?

ಗುಜರಾತಿನಲ್ಲಿ ಸಿಎನ್‌ಜಿ ಧಾರಾಳವಾಗಿ ಸಿಗುತ್ತದೆ, ಪಶ್ಚಿಮ ರಾಜಸ್ಥಾನದಲ್ಲಿ ಅದನ್ನೇ ನಂಬಿಕೊಳ್ಳುವಂತಿಲ್ಲ. ಭುಜ್ ಬಿಡುವಾಗ ಟ್ಯಾಂಕ್ ತುಂಬಿಸಿಕೊಳ್ಳಿ. ಧೋರ್ಡೋದ ಬಿಳಿ ರಣ್‌ಗೆ ಪ್ರವೇಶ ಪರವಾನಗಿ ಬೇಕು. ಎಲ್ಲರ ಗುರುತಿನ ಚೀಟಿಯ ಪ್ರತಿಗಳು ಕೈಯಲ್ಲಿರಲಿ. ಗಡಿ ಸಮೀಪದ ಪ್ರದೇಶಗಳಲ್ಲಿ ಡ್ರೋನ್ ಹಾರಿಸುವುದನ್ನೂ ಸೇನೆಯ ನೆಲೆ, ಸೇತುವೆಗಳ ಫೋಟೋ ತೆಗೆಯುವುದನ್ನೂ ಮಾಡಬೇಡಿ.

ಗೋವಾದಿಂದ ಬರುವ ಬಂಧುಗಳಿಗೆ ವಿಶೇಷ ಸೂಚನೆ: 1960ರಲ್ಲಿ ರಾಜ್ಯ ಹುಟ್ಟಿದಂದಿನಿಂದಲೂ ಗುಜರಾತಿನಲ್ಲಿ ಪಾನನಿಷೇಧವಿದೆ. ಹೊರರಾಜ್ಯದವರಿಗೆ ತಾತ್ಕಾಲಿಕ ಪರವಾನಗಿ ಕೊಡುವ ವ್ಯವಸ್ಥೆಯಿದ್ದರೂ ಡಿಕ್ಕಿಯಲ್ಲಿ ಬಾಟಲಿ ಇಟ್ಟುಕೊಂಡು ಗಡಿ ದಾಟುವುದು ಅಪರಾಧ. ಅದರಲ್ಲೂ ದಮಣ್ ಕಡೆಯಿಂದ ಬರುವ ಗಾಡಿಗಳ ಮೇಲೆ ಪೊಲೀಸರ ಕಣ್ಣಿರುತ್ತದೆ.

ಲೋಥಲ್‌ನಲ್ಲಿ ಏನಿದೆ? ಬರೀ ಇಟ್ಟಿಗೆ ಗೋಡೆಗಳಂತೆ, ನಿಜವೇ?

ನಿಜ, ಹರಪ್ಪಾ (ಸಿಂಧೂ ಕಣಿವೆ) ನಾಗರಿಕತೆಯ ಪಟ್ಟಣವೊಂದರ ಇಟ್ಟಿಗೆ ಗೋಡೆಗಳೇ. ಆದರೆ ಅವುಗಳನ್ನು ಮಣ್ಣಿನಡಿಯಿಂದ ಎತ್ತಿ ತೋರಿಸಿದವರು ನಮ್ಮವರು. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಎಸ್. ಆರ್. ರಾವ್ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾಗಿ 1955ರಿಂದ 1960ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಮುಂದೆ ದ್ವಾರಕೆಯ ಸಮುದ್ರದಡಿಯ ಶೋಧವನ್ನು ನಡೆಸಿದವರೂ ಅವರೇ. ಸುಟ್ಟ ಇಟ್ಟಿಗೆಯಿಂದ ಕಟ್ಟಿದ, 217 ಮೀಟರ್ ಉದ್ದ, 36 ಮೀಟರ್ ಅಗಲದ ದೊಡ್ಡ ಕೊಳವೊಂದು ಇಲ್ಲಿದೆ. ಅದನ್ನು ಹಡಗುಕಟ್ಟೆಯೆಂದು ರಾವ್ ಗುರುತಿಸಿದರು. ಅದು ನೀರು ಸಂಗ್ರಹಿಸುವ ಕೆರೆಯಾಗಿತ್ತೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಕಟ್ಟೆಯ ಅಂಚಿನಲ್ಲಿ ನಿಂತು, ನೀರು ಒಳಬರುವ ಬಾಯಿಯನ್ನೂ ಹೆಚ್ಚಿನ ನೀರು ಹೊರಹೋಗುವ ತೂಬನ್ನೂ ಹುಡುಕಿ ನೋಡಿದರೆ ಈ ವಾದದಲ್ಲಿ ನೀವೂ ಒಂದು ಪಕ್ಷ ಹಿಡಿಯಬಹುದು.

ಮೊಢೇರಾ, ಪಾಟಣ್ ಎರಡೂ ಸೋಲಂಕಿಗಳದ್ದೆನ್ನುತ್ತಾರೆ. ಅವರು ನಮ್ಮ ಚಾಲುಕ್ಯರೇ?

ಅಲ್ಲ. ಅಣಹಿಲವಾಡ, ಅಂದರೆ ಇಂದಿನ ಪಾಟಣ್, ಇವರ ರಾಜಧಾನಿ. ಬಾದಾಮಿ, ಕಲ್ಯಾಣಗಳ ಚಾಲುಕ್ಯರಿಗಿಂತ ಇವರು ಬೇರೆಯ ವಂಶವೆಂದೇ ಇತಿಹಾಸಕಾರರು ಎಣಿಸುತ್ತಾರೆ. ಇವರಲ್ಲಿ ಒಂದನೆಯ ಭೀಮದೇವನ ಕಾಲದ್ದು ಮೊಢೇರಾದ ಸೂರ್ಯ ದೇಗುಲ (1026–27). ದೇಗುಲಕ್ಕಿಂತ ಮೊದಲು ಅದರ ಮುಂದಿನ ಸೂರ್ಯಕುಂಡದಲ್ಲಿ ಸ್ವಲ್ಪ ಹೊತ್ತು ಕೂರಿ. ಮೆಟ್ಟಿಲುಗಳ ನಡುನಡುವೆ ಚಿಕ್ಕ ಚಿಕ್ಕ ಗುಡಿಗಳನ್ನಿಟ್ಟು, ನೀರಿಗೆ ಇಳಿಯುವ ದಾರಿಯನ್ನೇ ಪ್ರದಕ್ಷಿಣೆಯಾಗಿಸಿದ್ದಾರೆ.

ಪಾಟಣ್‌ನ ರಾಣಿ ಕೀ ವಾವ್ ಅದೇ ಭೀಮದೇವನ ರಾಣಿ ಉದಯಮತಿ 11ನೆಯ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲುಬಾವಿ. 64 ಮೀಟರ್ ಉದ್ದ, 27 ಮೀಟರ್ ಆಳ, ಏಳು ಅಂತಸ್ತು. ಮೇಲಿನಿಂದ ಕೆಳಗೆ ಇಳಿಯುವಾಗ ಎರಡೂ ಬದಿಯ ಗೋಡೆಗಳಲ್ಲಿ ವಿಷ್ಣುವಿನ ಅವತಾರಗಳು, ಅಪ್ಸರೆಯರು, ಕೊನೆಗೆ ನೀರಿನ ಮಟ್ಟದಲ್ಲಿ ಶೇಷಶಾಯಿ. ಸರಸ್ವತಿ ನದಿಯ ಹೂಳು ತುಂಬಿ ಶತಮಾನಗಳ ಕಾಲ ಮುಚ್ಚಿಹೋಗಿದ್ದರಿಂದಲೇ ಶಿಲ್ಪಗಳು ಇಷ್ಟು ಹೊಸತಾಗಿ ಉಳಿದಿವೆ. 1980ರ ದಶಕದ ಕೊನೆಯ ವೇಳೆಗೆ ಹೂಳನ್ನು ತೆಗೆದರು, 2014ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಿಮ್ಮ ಜೇಬಿನ ನೂರು ರೂಪಾಯಿಯ ನೇರಳೆ ನೋಟಿನ ಹಿಂಬದಿಯಲ್ಲಿರುವುದೂ ಇದೇ ಬಾವಿ.

ಧೋಲಾವೀರ ಅಷ್ಟು ದೂರ. ಬಿಟ್ಟುಬಿಟ್ಟರೆ ನಡೆಯುತ್ತದೆಯೇ?

ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಭುಜ್‌ನಿಂದ ಮೊದಲು ಭಚಾವು, ರಾಪರ್ ಸುತ್ತಿಕೊಂಡು ಹೋಗಬೇಕಿತ್ತು. ಈಗ ಖಾವ್ಡಾದಿಂದ ರಣ್‌ನ ಮಧ್ಯೆಯೇ ಏರಿಯ ಮೇಲೆ ನೇರ ರಸ್ತೆಯಾಗಿ ದಾರಿ ಬಹಳ ಹತ್ತಿರವಾಗಿದೆ. ಸುಮಾರು 30 ಕಿ.ಮೀ. ಎರಡೂ ಬದಿಯಲ್ಲಿ ಉಪ್ಪು ಅಥವಾ ನೀರು. ಧೋರ್ಡೋದ ಜಾತ್ರೆಯ ಗದ್ದಲ ಹಿಡಿಸದವರಿಗೆ ರಣ್ ನೋಡಲು ಈ ರಸ್ತೆಯೇ ಉತ್ತಮ ಜಾಗವೆಂಬುದು ನನ್ನ ಅಭಿಪ್ರಾಯ. ಆದರೆ ರಸ್ತೆಯ ನಡುವೆ ಕಾರು ನಿಲ್ಲಿಸಿ ಫೋಟೋಕ್ಕೆ ನಿಲ್ಲುವವರಿಂದ ಅಪಘಾತಗಳಾಗುತ್ತವೆ. ಅಂಚಿಗೆ ಸರಿದು ನಿಲ್ಲಿಸಿ.

ಖಡೀರ್ ಎಂಬ ದ್ವೀಪದಂಥ ಎತ್ತರದ ನೆಲದ ಮೇಲೆ ಧೋಲಾವೀರವಿದೆ. ಜಗತ್ ಪತಿ ಜೋಶಿ 1960ರ ದಶಕದಲ್ಲಿ ಈ ನೆಲೆಯನ್ನು ಗುರುತಿಸಿದರು. ಆರ್. ಎಸ್. ಬಿಷ್ಟ್ ನೇತೃತ್ವದಲ್ಲಿ 1989–90ರಿಂದ ಉತ್ಖನನ ನಡೆಯಿತು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಉಳಿದ ಹರಪ್ಪಾ ನಗರಗಳು ಹೆಚ್ಚಾಗಿ ಇಟ್ಟಿಗೆಯವಾದರೆ ಇಲ್ಲಿ ಬಹುಪಾಲು ಕಲ್ಲು. ವರ್ಷವಿಡೀ ಹರಿಯುವ ನದಿಯೂ ಇಲ್ಲಿಲ್ಲ. ಉತ್ತರಕ್ಕೆ ಮಾನ್ಸರ್, ದಕ್ಷಿಣಕ್ಕೆ ಮನ್‌ಹರ್ ಎಂಬ ಎರಡು ಮಳೆಗಾಲದ ಹಳ್ಳಗಳಿಗೆ ಅಡ್ಡಗಟ್ಟೆ ಹಾಕಿ, ನೀರನ್ನು ತಿರುಗಿಸಿ, ಊರಿನ ಗೋಡೆಯೊಳಗೆ ಸಾಲಾಗಿ ತೋಡಿದ ಜಲಾಶಯಗಳಿಗೆ ತುಂಬಿಸಿದ್ದರು. ನೆಲದ ಇಳಿಜಾರಿಗೆ ಹೊಂದಿಕೊಂಡು ಒಂದರ ನೀರು ಇನ್ನೊಂದಕ್ಕೆ ಇಳಿಯುವ ಏರ್ಪಾಡು. ಪೂರ್ವದ ಜಲಾಶಯ 73 ಮೀಟರ್ ಉದ್ದವೂ 10 ಮೀಟರ್ ಆಳವೂ ಇದೆ. ಅದರ ಮೆಟ್ಟಿಲುಗಳ ಪಕ್ಕ ನಿಂತರೆ ಎದುರು ದಡದಲ್ಲಿ ನಡೆಯುವ ಮನುಷ್ಯ ಗೇಣುದ್ದ ಕಾಣುತ್ತಾನೆ. ಕೋಟೆಯ ಭಾಗದಲ್ಲಿ ಮಳೆನೀರು ಹರಿದುಹೋಗಲು ಮಾಡಿದ ಕಲ್ಲಿನ ಚರಂಡಿಗಳೊಳಗೆ ಬಗ್ಗಿ ನೋಡಬಹುದು. ಉತ್ತರ ಬಾಗಿಲಿನ ಬಳಿ ಹತ್ತು ದೊಡ್ಡ ಅಕ್ಷರಗಳ ಫಲಕ ಸಿಕ್ಕಿತ್ತು. ಆ ಲಿಪಿಯನ್ನು ಇಂದಿಗೂ ಯಾರೂ ಓದಿಲ್ಲ.

ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಡುವವರೇ ಹೆಚ್ಚು. ಒಂದು ರಾತ್ರಿಯಾದರೂ ಅಲ್ಲೇ ಉಳಿಯಿರಿ. ಸಂಜೆ ಹತ್ತಿರದ ಫಾಸಿಲ್ ಪಾರ್ಕ್‌ಗೆ ಹೋದರೆ ಜುರಾಸಿಕ್ ಕಾಲದ ಮರಗಳು ಕಲ್ಲಾಗಿ ಬಿದ್ದಿರುವುದನ್ನು ರಣ್‌ನ ಅಂಚಿನಲ್ಲೇ ನೋಡಬಹುದು.

ಭುಜ್‌ನಲ್ಲಿ ಶಾಪಿಂಗ್‌ಗೆ ಎಲ್ಲಿ ಹೋಗಬೇಕು?

ಅಂಗಡಿಗಿಂತ ಮೊದಲು ಅಜರಖಪುರಕ್ಕೆ ಹೋಗಿ. ಅಜರಖ್ ಅಚ್ಚಿನ ಬಟ್ಟೆಯ ಖತ್ರಿ ಮನೆತನಗಳು ತಲೆಮಾರುಗಳಿಂದ ಧಮಡಕಾ ಎಂಬ ಹಳ್ಳಿಯಲ್ಲಿದ್ದವು. 2001ರ ಜನವರಿ 26ರ ಭೂಕಂಪ ಆ ಹಳ್ಳಿಯನ್ನು ಕೆಡವಿತು. ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣಗಾರಿಕೆಗೆ ಒಗ್ಗದಾಯಿತು. ಹಲವರು ಭುಜ್ ಸಮೀಪ ಹೊಸ ಊರು ಕಟ್ಟಿಕೊಂಡರು. ಅಚ್ಚುಮನೆಯೊಳಗೆ ನಿಂತು ನೋಡಿದರೆ ಬೆಲೆ ಏಕೆ ಹೆಚ್ಚೆಂದು ಯಾರೂ ವಿವರಿಸಬೇಕಾಗಿಲ್ಲ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಹಳದಿ ಮಾಡುತ್ತಾರೆ. ಬಣ್ಣ ಹಿಡಿಯಬಾರದ ಕಡೆ ಸುಣ್ಣ ಮತ್ತು ಗೋಂದಿನ ಅಚ್ಚು ಒತ್ತುತ್ತಾರೆ. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಹಾಕಿ ಕಪ್ಪು ತೆಗೆಯುತ್ತಾರೆ, ಪಟಿಕದ ಜೊತೆ ಹುಣಸೆಬೀಜದ ಹಿಟ್ಟು ಕಲಸಿ ಕೆಂಪಿಗೆ ನೆಲೆ ಕಟ್ಟುತ್ತಾರೆ, ಆಮೇಲೆ ನೀಲಿಯ ತೊಟ್ಟಿ. ನಡುನಡುವೆ ತೊಳೆದದ್ದೇ ತೊಳೆದದ್ದು. ಮರದ ಅಚ್ಚನ್ನು ಬಟ್ಟೆಯ ಮೇಲಿಟ್ಟು ಅಂಗೈಯ ಬುಡದಿಂದ ಒಂದು ಗುದ್ದು ಕೊಟ್ಟು ಎತ್ತಿದರೆ ಹಿಂದಿನ ಅಚ್ಚಿನ ಗೆರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿರುತ್ತದೆ.

ನಿರೋಣಾದ ರೋಗನ್ ಚಿತ್ರಕಲೆಯೂ ನೋಡತಕ್ಕದ್ದು. ಕಾಯಿಸಿದ ಹರಳೆಣ್ಣೆಯ ಅಂಟಿಗೆ ಬಣ್ಣ ಬೆರೆಸಿ, ಅಂಗೈಯಲ್ಲಿ ಕಲಸಿ, ಕಡ್ಡಿಯಿಂದ ಎಳೆ ಎಳೆಯಾಗಿ ಬಟ್ಟೆಯ ಮೇಲೆ ಇಳಿಸುತ್ತಾರೆ. ಇಂಥಲ್ಲಿ ಭುಲೇಶ್ವರದ ಬೀದಿಯಲ್ಲಿ ಮಾಡಿದಂತೆ ಚೌಕಾಸಿ ಮಾಡಬೇಡಿ.

ಬಾಡಮೇರ್‌ನಲ್ಲಿ ನಿಲ್ಲುವಂಥದ್ದೇನಿದೆ?

ಕಿರಾಡು. ಊರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿ 11–12ನೆಯ ಶತಮಾನದ ಪಾಳುಬಿದ್ದ ಗುಡಿಗಳ ಗುಂಪಿದೆ. ಸೋಮೇಶ್ವರ ದೇಗುಲ ಅವುಗಳಲ್ಲಿ ದೊಡ್ಡದು. ರಾತ್ರಿ ಉಳಿದವರು ಕಲ್ಲಾಗುತ್ತಾರೆಂಬ ಕತೆ ಅಂತರ್ಜಾಲದಲ್ಲಿ ಹರಿದಾಡುತ್ತದೆ, ಶಿಲ್ಪಗಳನ್ನು ನೋಡಲು ಆ ಕತೆಯ ಅಗತ್ಯವಿಲ್ಲ.

ಜೈಸಲ್ಮೇರ್ ಕೋಟೆಯೊಳಗೇ ತಂಗಬಹುದೇ?

ತಂಗಬಹುದು, ಆದರೆ ಬೇಡವೆನ್ನುತ್ತೇನೆ. ಭಾಟಿ ದೊರೆ ರಾವಲ್ ಜೈಸಲ್ 1156ರಲ್ಲಿ ಸ್ಥಾಪಿಸಿದ ಈ ಕೋಟೆಯಲ್ಲಿ ಇಂದಿಗೂ ಸಾವಿರಾರು ಜನ ವಾಸವಾಗಿದ್ದಾರೆ. ಊರಿಗೆ ವರ್ಷವಿಡೀ ಬೀಳುವ ಮಳೆ 200 ಮಿ.ಮೀ. ಮುಟ್ಟುವುದೂ ಕಷ್ಟ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಸುರಿದ 944 ಮಿ.ಮೀ. ಮಳೆಯನ್ನು ನೆನೆದರೆ ಆ ಅಂಕಿಯ ಅರ್ಥವಾಗುತ್ತದೆ. ಕೊಡದಲ್ಲಿ ಹೊತ್ತು ತಂದ ನೀರಿನಲ್ಲಿ ಬದುಕುವವರಿಗಾಗಿ ಕಟ್ಟಿದ ಕೋಟೆಗೆ ನಲ್ಲಿ ಬಂತು, ಹೋಟೆಲುಗಳಿಗೆ ಶವರ್ ಬಂತು. ಆದರೆ ಆ ನೀರು ಹೊರಹೋಗಲು ತಕ್ಕ ಚರಂಡಿ ಇರಲಿಲ್ಲ. ನೀರು ಅಡಿಯ ಮೆತ್ತನೆಯ ಪದರಗಳಿಗೆ ಇಳಿದು ಬುರುಜುಗಳು ಕುಸಿದವು. ಆದ್ದರಿಂದ ಕೆಳಗಿನ ಊರಿನಲ್ಲಿ ತಂಗಿ, ಕೋಟೆಯನ್ನು ನಡೆದು ನೋಡುವುದು ಉಚಿತ. ಒಳಗಿನ ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಿ.

14ನೆಯ ಶತಮಾನದ ಗಡೀಸರ್ ಕೆರೆ ಬಹುಕಾಲ ಈ ಊರಿನ ಕುಡಿಯುವ ನೀರಾಗಿತ್ತು. ದೋಣಿ ವಿಹಾರಕ್ಕಿಂತ ಅದರ ಸುತ್ತಲಿನ ಜಲಾನಯನ ನೆಲ ಹೇಗೆ ಇಳಿಜಾರಾಗಿದೆಯೆಂದು ನೋಡುವುದು ಸೊಗಸು. ಕುಲಧರಾವನ್ನು ಎಲ್ಲರೂ ದೆವ್ವದ ಊರೆಂದು ತೋರಿಸುತ್ತಾರೆ. ಆ ಊರನ್ನು ಕಟ್ಟಿದ ಪಾಲೀವಾಲ ಬ್ರಾಹ್ಮಣರ ಖಡೀನ್ ಪದ್ಧತಿಯನ್ನು ತೋರಿಸುವವರು ಕಡಿಮೆ. ಕಲ್ಲುನೆಲದ ಇಳಿಜಾರಿನ ಕೆಳಗೆ ಉದ್ದನೆಯ ಮಣ್ಣಿನ ಒಡ್ಡು ಹಾಕಿ ಮಳೆನೀರನ್ನು ತಡೆದರೆ ಅದು ಅಲ್ಲೇ ಇಂಗುತ್ತದೆ. ಆ ತೇವದಲ್ಲೇ ಚಳಿಗಾಲದಲ್ಲಿ ಗೋಧಿ, ಕಡಲೆ ಬೆಳೆಯುತ್ತಾರೆ. ಜೈಸಲ್ಮೇರ್ ಸುತ್ತ ಇಂದಿಗೂ ಖಡೀನ್‌ಗಳಿವೆ. ಮರಳುಗಾಡಿನ ನಡುವೆ ಹಸಿರು ಗೋಧಿಗದ್ದೆ ಕಂಡರೆ ಗಾಡಿ ನಿಲ್ಲಿಸಿ ಕೇಳಿ, ರೈತರು ತೋರಿಸುತ್ತಾರೆ.

ಮರಳುದಿಬ್ಬಕ್ಕೆ ಸಮ್ ಒಳ್ಳೆಯದೋ, ಖೂರಿಯೋ?

ಊರಿನಿಂದ 40 ಕಿ.ಮೀ. ದೂರದ ಸಮ್‌ನಲ್ಲಿ ಡಿಸೆಂಬರ್ ಕೊನೆಯ ವಾರ ಡಿಜೆ, ಜೀಪು, ಜನ. ಖೂರಿ ಅದಕ್ಕಿಂತ ಶಾಂತ. ಎಲ್ಲಿಯೇ ತಂಗಿದರೂ ಮಾಂಗಣಿಯಾರ್ ಗಾಯಕರನ್ನು ಸಿನಿಮಾ ಹಾಡು ಕೇಳಬೇಡಿ. ಇವರು ಮುಸ್ಲಿಮರು, ತಲೆತಲಾಂತರದಿಂದ ಹೆಚ್ಚಾಗಿ ರಜಪೂತ ಯಜಮಾನರ ಮನೆಗಳಲ್ಲಿ ಹುಟ್ಟು, ಮದುವೆಗಳಿಗೆ ಹಾಡುವುದು ಇವರ ವೃತ್ತಿ. ಚರ್ಮ ಹೊದಿಸಿದ ದುಂಡು ಬುರುಡೆಯ ಕಮಾಯಚಾ ವಾದ್ಯವನ್ನು ನುಡಿಸುವ ಹಿರಿಯರು ಸಿಕ್ಕರೆ ಅವರ ಮನೆತನದ ಹಾಡನ್ನೇ ಹಾಡಿಸಿ.

ಊಟ ಹೇಗೆ? ನಮ್ಮವರಿಗೆ ಸಿಹಿ ಬೇಳೆ ಒಗ್ಗುವುದಿಲ್ಲ.

ಹೆದ್ದಾರಿಯ ಕಾಠಿಯಾವಾಡಿ ಧಾಬಾಗಳಲ್ಲಿ ಸಿಹಿಯ ಗೊಡವೆಯಿಲ್ಲ. ಬಾಜ್ರಿ ರೋಟ್ಲಾ, ಸುಟ್ಟ ಬದನೆಯ ಓಳೋ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ. ಸಜ್ಜೆ ರೊಟ್ಟಿ ತಿಂದು ಬೆಳೆದ ಬಿಜಾಪುರ, ಬಾಗಲಕೋಟೆಯವರಿಗೆ ಪರಸ್ಥಳವೆನಿಸದು. ರಾಜಸ್ಥಾನದಲ್ಲಿ ಕೇರ್ ಸಾಂಗ್ರಿ ಪಲ್ಯವನ್ನು ತಪ್ಪದೆ ತಿನ್ನಿ. ಸಾಂಗ್ರಿ ಎಂದರೆ ಖೇಜಡಿ ಮರದ ಎಳೆಯ ಕಾಯಿ. ಆ ಮರ ಬೇರೆ ಯಾವುದೂ ಅಲ್ಲ, ವಿಜಯದಶಮಿಗೆ ನಾವು ಪೂಜಿಸುವ ಬನ್ನಿ. 1730ರಲ್ಲಿ ಜೋಧಪುರದ ಸಮೀಪದ ಖೇಜಡಲಿಯಲ್ಲಿ ಈ ಮರಗಳನ್ನು ಕಡಿಯಬಾರದೆಂದು ತಬ್ಬಿ ನಿಂತು ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಜೈಸಲ್ಮೇರಿನಿಂದ ಜೋಧಪುರಕ್ಕೆ ಬಂದವರು ಅರ್ಧ ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರಬಹುದು.

ರಾಣಕಪುರ, ದಿಲ್ವಾಡಾ ಎರಡೂ ಜೈನ ಬಸದಿಗಳೇ. ಒಂದು ಸಾಲದೇ?

ಸಾಲದು. ರಾಣಕಪುರದ್ದು 15ನೆಯ ಶತಮಾನದ ಚತುರ್ಮುಖ ಬಸದಿ. ಕಂಬಗಳು 1444 ಎಂದು ಹೇಳುತ್ತಾರೆ, ಎಲ್ಲಿ ನಿಂತರೂ ಬೆಳಕು ಬೇರೆ ಕಂಬದ ಮೇಲೆ ಬಿದ್ದಿರುತ್ತದೆ. ಮೌಂಟ್ ಅಬುವಿನ ದಿಲ್ವಾಡಾದಲ್ಲಿರುವ ವಿಮಲ ವಸಹಿ ಬಸದಿ ಅದಕ್ಕಿಂತ ನಾನೂರು ವರ್ಷ ಹಳೆಯದು. ಅದೇ ಒಂದನೆಯ ಭೀಮದೇವನ ಮಂತ್ರಿ ವಿಮಲಶಾಹ 1031ರಲ್ಲಿ ಕಟ್ಟಿಸಿದ್ದು. ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿ ಆಗ ಐವತ್ತು ವರ್ಷವಾಗಿತ್ತಷ್ಟೆ. ಇಬ್ಬರೂ ಮಂತ್ರಿಗಳು, ಇಬ್ಬರೂ ಯುದ್ಧ ಮಾಡಿದವರು, ಇಬ್ಬರೂ ಬೆಟ್ಟ ಹುಡುಕಿಕೊಂಡು ಹೋದವರು. ಒಬ್ಬ ತೆರೆದ ಆಕಾಶದಡಿ ಒಂದೇ ಬಂಡೆಯ ದಿಗಂಬರ ಮೂರ್ತಿಯನ್ನು ಮಾಡಿಸಿದ. ಇನ್ನೊಬ್ಬ ಹೊರಗೆ ಸಾದಾ ಗೋಡೆ ಎಬ್ಬಿಸಿ, ಒಳಗೆ ಚಾವಣಿಯ ಅಮೃತಶಿಲೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಕೊರೆಸಿದ. ದಿಲ್ವಾಡಾದಲ್ಲಿ ಜೈನೇತರರಿಗೆ ಮಧ್ಯಾಹ್ನ 12ರ ನಂತರವಷ್ಟೇ ಪ್ರವೇಶ, ಚರ್ಮದ ಬೆಲ್ಟು ಪರ್ಸುಗಳನ್ನು ಹೊರಗಿಡಬೇಕು, ಒಳಗೆ ಫೋಟೋ ನಿಷಿದ್ಧ.

ಅರಾವಳಿ ಜಗತ್ತಿನ ಅತಿ ಹಳೆಯ ಬೆಟ್ಟಸಾಲುಗಳಲ್ಲೊಂದು. ಹಿಮಾಲಯಕ್ಕಿಂತ ಎಷ್ಟೋ ಹಳೆಯದಾದ ಅದು ಸವೆದು ಸವೆದು ಇಂದು ಉಳಿದಿರುವುದರಲ್ಲಿ ಎತ್ತರದ ತುದಿಯೇ ಅಬುವಿನ ಗುರುಶಿಖರ, 1722 ಮೀಟರ್.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯಬಹುದೇ?

ಧಾರಾಳವಾಗಿ. ಲಡಾಖಿನಂತೆ ಉಸಿರಾಟದ ತೊಂದರೆಯ ಎತ್ತರ ಇಲ್ಲಿಲ್ಲ. ರಾಣಿ ಕೀ ವಾವ್‌ನ ಮೆಟ್ಟಿಲು, ಧೋಲಾವೀರದ ಬಿಸಿಲಿನ ನಡಿಗೆ ಇವೆರಡೇ ಸ್ವಲ್ಪ ಶ್ರಮದವು. ದಿನಕ್ಕೆ 300 ಕಿ.ಮೀ. ಮೀರದಂತೆ ನೋಡಿಕೊಳ್ಳಿ, ಔಷಧಗಳನ್ನು ಮುಂಬೈಯಿಂದಲೇ ತನ್ನಿ.

ರಾತ್ರಿ ಓಡಿಸಬಹುದೇ?

ಬೇಡ. ಬಾಡಮೇರ್, ಜೈಸಲ್ಮೇರ್ ರಸ್ತೆಗಳು ನೇರವಾಗಿ, ಖಾಲಿಯಾಗಿರುವುದರಿಂದ ವೇಗ ತಾನಾಗಿ ಏರುತ್ತದೆ. ಕತ್ತಲಲ್ಲಿ ಒಂಟೆ, ದನ, ನೀಲ್‌ಗಾಯ್‌ಗಳು ಹೆಡ್‌ಲೈಟಿಗೆ ಬೀಳುವಷ್ಟರಲ್ಲಿ ಬ್ರೇಕಿಗೆ ದೂರ ಉಳಿದಿರುವುದಿಲ್ಲ.

ಅಬುವಿನಿಂದ ಒಂದೇ ದಿನದಲ್ಲಿ ಮುಂಬೈ ಮುಟ್ಟಬಹುದೇ?

ಸುಮಾರು 750 ಕಿ.ಮೀ. ಆಗುತ್ತದೆ. ಇಬ್ಬರು ಚಾಲಕರಿದ್ದರೆ ಸಾಧ್ಯ, ಆದರೆ ಎರಡು ವಾರ ಓಡಿಸಿ ದಣಿದವರು ಹಾಗೆ ಮಾಡಬಾರದು. ವಡೋದರಾದಲ್ಲಿ ತಂಗಿ. ಬೆಳಿಗ್ಗೆ ಬೇಗ ಎದ್ದರೆ 50 ಕಿ.ಮೀ. ದೂರದ ಚಾಂಪಾನೇರ್‌ನ ಜಾಮಿ ಮಸೀದಿಯನ್ನೂ ಅಲ್ಲಿನ ಸುರುಳಿಯಾಕಾರದ ಮೆಟ್ಟಿಲುಬಾವಿಯನ್ನೂ ನೋಡಬಹುದು. ಅಂಥ ದಿನ ಮನೆ ಸೇರುವುದು ರಾತ್ರಿಯೇ ಆಗುತ್ತದೆ. ಭಾನುವಾರ ಸಂಜೆ ವಿರಾರ್‌ನಿಂದ ದಹಿಸರ್‌ವರೆಗಿನ ದಾರಿ ಆಮೆಗತಿಯದಾದ್ದರಿಂದ ಮರಳುವ ದಿನವನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.